ಗುಜರಿ ಮಾರಿ ಕೊಂಡ ಸ್ನೇಹ

ಮನೆಯಲ್ಲಿ ಹಳೆಯ ಪತ್ರಿಕೆ, ತುಕ್ಕು ಹಿಡಿದ ನಲ್ಲಿ, ತಳ ಸೋರುವ ಹಂಡೆ ಗುಡ್ಡೆ ಬಿದ್ದರೆ ನಾವು ಗುಜರಿಯವನನ್ನು ಕೂಗುತ್ತೇವೆ. ಬಂದ ಹಣದಲ್ಲಿ ಒಂದು ಸ್ಟೀಲ್ ಡಬ್ಬಿ ಬಂದರೆ ಅದೇ ಪುಣ್ಯ. ಅಮೆರಿಕ ಮಾತ್ರ ಗುಜರಿ ಮಾರಿ ಸ್ನೇಹವನ್ನೇ ಕೊಂಡಿತು. ಎರಡನೇ ಮಹಾಯುದ್ಧ ಮುಗಿದಾಗ ಅದರ ಸೇನೆಯ ಸರಕು ದೇಶದೇಶಗಳಲ್ಲಿ ಬಿದ್ದಿತ್ತು. ವಾಪಸು ಹೊತ್ತು ತರುವುದು ದುಬಾರಿ. ಕೊಳ್ಳುವವರ ಜೇಬಿನಲ್ಲಿ ಡಾಲರ್ ಇಲ್ಲ. ಅರ್ಕಾನ್ಸಾದ ಸೆನೆಟರ್ ಫುಲ್‌ಬ್ರೈಟ್ ಒಂದು ಉಪಾಯ ಹೇಳಿದರು: ಅವರವರ ನಾಣ್ಯದಲ್ಲೇ ಕೊಡಲಿ, ಆ ಹಣದಲ್ಲಿ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಅತ್ತಿಂದಿತ್ತ ಓಡಾಡಲಿ. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಅದಕ್ಕೆ ಸಹಿ ಹಾಕಿದರು. ಅದೇ ಫುಲ್‌ಬ್ರೈಟ್ ವಿದ್ಯಾರ್ಥಿವೇತನ. 1950ರಲ್ಲಿ ಭಾರತವೂ ಸೇರಿಕೊಂಡಿತು.

ಮೈಸೂರಿನ ಕವಿ, ಅನುವಾದಕ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋದದ್ದು ಈ ದಾರಿಯಲ್ಲೇ. ಅಲ್ಲಿಂದ ಷಿಕಾಗೋ ಸೇರಿದರು. ಅವರ ಅನುವಾದದಲ್ಲಿ ಬಸವಣ್ಣ, ಅಕ್ಕ, ಅಲ್ಲಮರು ಇಂಗ್ಲಿಷಿನಲ್ಲಿ ಮಾತನಾಡತೊಡಗಿದರು. ಇದಲ್ಲದೆ ಗೋಧಿಯ ಕಥೆಯೊಂದಿದೆ. ಪಿ.ಎಲ್.480 ಎಂಬ ಕಾಯ್ದೆಯಡಿ ನಮಗೆ ಬಂದ ಅಮೆರಿಕದ ಗೋಧಿಗೆ ನಾವು ರೂಪಾಯಿಯಲ್ಲೇ ಬೆಲೆ ತೆತ್ತೆವು. ಹಾಗೆ ಗುಡ್ಡೆಯಾದ ರೂಪಾಯಿಯನ್ನು ಏನು ಮಾಡುವುದೆಂದು ತೋಚದೆ ಅಮೆರಿಕದವರು, ಅದರಲ್ಲೊಂದು ಪಾಲಿನಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತಮ್ಮ ಗ್ರಂಥಾಲಯಗಳಿಗೆ ಸಾಗಿಸಿದರು. ನಮ್ಮ ಊರಿನ ಗ್ರಂಥಾಲಯದಲ್ಲಿ ಗೆದ್ದಲಿನ ಪಾಲಾದ ಕಾದಂಬರಿಯೊಂದು ಷಿಕಾಗೋದ ಕಪಾಟಿನಲ್ಲಿ ಚೊಕ್ಕಟವಾಗಿ ಕೂತಿದ್ದರೆ, ಅದಕ್ಕೆ ನಮ್ಮ ಹಿರಿಯರು ತಿಂದ ಚಪಾತಿ ಕಾರಣವಿರಬಹುದು.

ಇಷ್ಟು ಅಗ್ಗದಲ್ಲಿ ದಕ್ಕಿದ ಸ್ನೇಹ ಈಗ ಅದೇ ದೇಶಕ್ಕೆ ದುಬಾರಿಯಾಗಿ ಕಂಡಿದೆ. 2025ರ ಜನವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರುಬಿಯೊ, ಇನ್ನು ಮುಂದೆ ಖರ್ಚು ಮಾಡುವ ಪ್ರತಿ ಡಾಲರೂ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕೆಂದರು. ಇದರಿಂದ ಅಮೆರಿಕ ಹೆಚ್ಚು ಸುರಕ್ಷಿತವಾಗುತ್ತದೆಯೇ? ಹೆಚ್ಚು ಬಲಿಷ್ಠವಾಗುತ್ತದೆಯೇ? ಹೆಚ್ಚು ಸಮೃದ್ಧವಾಗುತ್ತದೆಯೇ?

ಧಾರವಾಡದ ಕನ್ನಡ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಮೂವತ್ತು ವರ್ಷ ವಚನ ಪಾಠ ಹೇಳಿದವರು. ಈಗ ಅವರು ಫುಲ್‌ಬ್ರೈಟ್ ಅರ್ಜಿ ತುಂಬುತ್ತಿದ್ದಾರೆ. ಅಲ್ಲಮಪ್ರಭುವಿನ ಒಗಟಿನಂಥ ಬೆಡಗಿನಿಂದ ಅಮೆರಿಕದ ಗಡಿ ಎಷ್ಟು ಸುರಕ್ಷಿತವಾದೀತು? ಬೆಡಗಿನ ವಚನ ಮೇಷ್ಟ್ರಿಗೇ ಪೂರ್ತಿ ಬಿಡಿಸಿಲ್ಲವಾದ್ದರಿಂದ ಶತ್ರುಗಳಿಗೆ ಅರ್ಥವಾಗುವ ಭಯವಿಲ್ಲ. ಹಾಗಾಗಿ ಸುರಕ್ಷತೆಯ ಕಾಲಂ ತುಂಬಿತು. ಸಮೃದ್ಧಿಯ ಕಾಲಂನಲ್ಲಿ ‘ಕಾಯಕ’ ಎಂದು ಬರೆದರು. ಪಕ್ಕದಲ್ಲೇ ‘ದಾಸೋಹ’ ಎಂದು ಬರೆಯಲು ಹೊರಟವರು ಪೆನ್ನು ತಡೆದರು. ದುಡಿದದ್ದನ್ನು ಹಂಚುವ ಮಾತು ಅಲ್ಲಿ ಯಾವ ಪಕ್ಷದ ಕಿವಿಗೆ ಹೇಗೆ ಕೇಳಿಸುತ್ತದೋ ಯಾರು ಬಲ್ಲರು.

ಫೆಬ್ರವರಿಯಲ್ಲಿ ಅನುದಾನವನ್ನೇ ತಡೆಹಿಡಿದರು. ಆಗಲೇ ಪರದೇಶಗಳಲ್ಲಿ ಕೂತು ಓದುತ್ತಿದ್ದವರು ಬಾಡಿಗೆಗೆ ಪರದಾಡಿದರು. ಈ ಯೋಜನೆಯ ಗುರಿಯಾದ ‘ಪರಸ್ಪರ ತಿಳಿವಳಿಕೆ’ ಬೆಳೆಯುವುದೆಂದರೆ ಇದೇ ಇರಬೇಕು: ಊರು ಯಾವುದಾದರೂ ಮನೆ ಮಾಲೀಕರು ಒಂದೇ ಎಂಬ ತಿಳಿವಳಿಕೆ. ಜೂನ್‌ನಲ್ಲಿ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಸದಸ್ಯರು, ತಾವು ಆರಿಸಿದವರಿಗೆ ಸರ್ಕಾರ ಕೊಕ್ಕೆ ಹಾಕುತ್ತಿದೆ ಎಂದು ರಾಜೀನಾಮೆ ಎಸೆದರು. ಇಂಥ ವಿನಿಮಯ ಕಾರ್ಯಕ್ರಮಗಳಿಗೆಲ್ಲ ಸೇರಿ ಇದ್ದ ಸುಮಾರು 74 ಕೋಟಿ ಡಾಲರನ್ನು 2026ರ ಬಜೆಟ್ಟಿನಲ್ಲಿ 5 ಕೋಟಿಗೆ ಇಳಿಸುವ ಪ್ರಸ್ತಾವ ಶ್ವೇತಭವನದಿಂದಲೇ ಬಂತು. ಐದು ಕೋಟಿಗೆ ಒಂದು ಎಫ್-35 ಯುದ್ಧವಿಮಾನವೂ ಬರುವುದಿಲ್ಲ. ಮುರಿದ ವಿಮಾನ ಮಾರಿ ಮೇಷ್ಟ್ರುಗಳನ್ನು ಕರೆಸಿಕೊಂಡ ಮನೆ, ಈಗ ಮೇಷ್ಟ್ರುಗಳನ್ನು ಗುಜರಿಗೆ ಹಾಕಿ, ಅವರ ಪಾಲಿಗೆ ಅರ್ಧ ವಿಮಾನದ ದುಡ್ಡನ್ನಷ್ಟೇ ಉಳಿಸುವಷ್ಟು ಕೈಬಿಗಿ ಹಿಡಿಯಲು ಹೊರಟಿತು.

(ನಾವು ಬಹಳ ನಗುವ ಹಾಗೂ ಇಲ್ಲ. 2012ರಲ್ಲಿ ನಾಡು ಬರದಲ್ಲಿ ಬೇಯುತ್ತಿದ್ದಾಗ ನಮ್ಮ ಶಾಸಕರ ತಂಡವೊಂದು ಅಧ್ಯಯನಕ್ಕೆಂದು ದಕ್ಷಿಣ ಅಮೆರಿಕಕ್ಕೆ ಹಾರಿತ್ತು. ಅವರಿಗೆ ಒಂದು ಪ್ರಶ್ನೆಯ ಅರ್ಜಿಯೂ ಇದ್ದಂತಿಲ್ಲ.)

ಅನುದಾನ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಮುಂದಿನದು ವೀಸಾ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಪಂಚತಾರಾ ಹೋಟೆಲೊಂದರಲ್ಲಿ ಉದ್ಘಾಟನೆಯಾಯಿತು. ಭಾಷಣ ಇತ್ತು, ಚಪ್ಪಾಳೆ ಇತ್ತು, ವೀಸಾ ಇರಲಿಲ್ಲ. ಮೇಷ್ಟ್ರು ಚೆನ್ನೈಗೆ ರೈಲು ಹತ್ತಿದರು. ಹೊರಡುವ ಮುನ್ನ ಮೊಮ್ಮಗಳ ಕೈಯಲ್ಲಿ ಫೇಸ್‌ಬುಕ್ ಖಾತೆಯ ಬೀಗ ತೆಗೆಸಿದರು. 2025ರ ಜೂನ್‌ನಿಂದ ವಿನಿಮಯ ವೀಸಾ ಕೇಳುವವರ ಜಾಲತಾಣದ ಬಾಗಿಲು ತೆರೆದಿರಬೇಕೆಂಬುದು ಆಜ್ಞೆ. ಬಲಿಷ್ಠ ರಾಷ್ಟ್ರದ ಅಧಿಕಾರಿಯೊಬ್ಬರು ಏಳು ವರ್ಷದ ‘ಶುಭೋದಯ’ ಗುಲಾಬಿಗಳನ್ನೂ ಗಿರಮಿಟ್ಟಿನ ತಟ್ಟೆಯ ಫೋಟೊಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗಿ ಬಂತಲ್ಲ ಎಂದು ಮೇಷ್ಟ್ರಿಗೆ ದಾರಿಯುದ್ದಕ್ಕೂ ಸಂಕೋಚ.

ಕಾನೂನಿನ ಪ್ರಕಾರ ವೀಸಾ ಅಧಿಕಾರಿ, ಎದುರು ನಿಂತವನು ಅಮೆರಿಕದಲ್ಲೇ ಬೇರೂರಲು ಬಂದವನೆಂದು ಮೊದಲೇ ಭಾವಿಸಿರಬೇಕು. ಅಲ್ಲವೆಂದು ತೋರಿಸುವ ಹೊಣೆ ನಿಂತವನದು. ಸರ್ಕಾರದ ಹಣದಲ್ಲಿ ಹೋದವರು ಊರಿಗೆ ಮರಳಿ ಎರಡು ವರ್ಷ ಕಳೆಯದೆ ಗ್ರೀನ್ ಕಾರ್ಡ್ ಕೇಳುವಂತಿಲ್ಲ ಎಂಬ ನಿಯಮ ಬೇರೆ ಇದೆ. ಉಳಿಯುವ ಬಾಗಿಲಿಗೆ ಅಗುಳಿ ಹಾಕಿದ ಮೇಲೂ ಒಳಗಿನಿಂದ ‘ಹೋಗುತ್ತೀರಿ ತಾನೆ?’ ಎಂದು ಕೇಳುವ ಆತಿಥ್ಯ ಇದು.

ಗಾಜಿನ ಆಚೆಯ ಯುವಕ ನಗುತ್ತಲೇ ಕೇಳಿದ: “ನಿಮ್ಮ ವಿಷಯ ಏನು?”

“ಜಂಗಮ,” ಎಂದರು ಮೇಷ್ಟ್ರು. “ಒಂದೆಡೆ ನಿಲ್ಲದೆ ಚಲಿಸುವುದೇ ದೊಡ್ಡದು ಎಂಬ ತತ್ವ.”

ಯುವಕನ ಬೆರಳು ಕೀಲಿಮಣೆಯ ಮೇಲೆ ನಿಂತಿತು. “ಊರಿನಲ್ಲಿ ಸ್ಥಿರಾಸ್ತಿ ಏನಾದರೂ ಇದೆಯೇ?”

ಮೇಷ್ಟ್ರು ಮರುಮಾತಿಲ್ಲದೆ ಕೈಚೀಲದಿಂದ ಎರಡು ಎಕರೆಯ ಪಹಣಿ ತೆಗೆದು ಗಾಜಿನ ಕೆಳಗಿನ ಕಿಂಡಿಯಲ್ಲಿ ತೂರಿಸಿದರು.