ಮನೆ ಬದಲಿಸಿ, ಬುದ್ಧಿ ಹೆಚ್ಚಿಸಿ

ಮಕ್ಕಳ ಬುದ್ಧಿ ಚುರುಕಾಗಲಿ ಅಂತ ನಮ್ಮಲ್ಲಿ ಒಂದೆಲಗದ ತಂಬುಳಿ ಮಾಡಿ ಬಡಿಸುತ್ತಾರೆ. ಜಪಾನಿನಲ್ಲಿ ಅಷ್ಟು ಕಷ್ಟ ಬೇಡ. ಗಂಟುಮೂಟೆ ಕಟ್ಟಿಕೊಂಡು ಬೇರೆ ಪ್ರಾಂತ್ಯಕ್ಕೆ ಮನೆ ಬದಲಿಸಿದರೂ ಕೆಲಸ ಆಗುತ್ತದೆ.

ಅಲ್ಲಿ ಬೌದ್ಧಿಕ ನ್ಯೂನತೆ ಇರುವವರಿಗೆ ಒಂದು ಪುಟ್ಟ ಪುಸ್ತಕ ಕೊಡುತ್ತಾರೆ. ತೋರಿಸಿದರೆ ರಿಯಾಯಿತಿ, ನೆರವು ಸಿಗುತ್ತದೆ. 1973ರಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ಸುತ್ತೋಲೆ ಹೊರಡಿಸಿ ಕೈತೊಳೆದುಕೊಂಡಿತು. ಎಷ್ಟು ಅಂಕದವರೆಗೆ ಪುಸ್ತಕ ಕೊಡಬೇಕು ಅಂತ ಗೆರೆ ಎಳೆಯುವ ಕೆಲಸ ಪ್ರಾಂತ್ಯಗಳ ಪಾಲಿಗೆ ಬಂತು. ಕೆಲವು ಕಡೆ ಐಕ್ಯೂ (ಬುದ್ಧಿ ಪರೀಕ್ಷೆಯ ಅಂಕ, ಸರಾಸರಿ 100) 70, ಕೆಲವು ಕಡೆ 75. ಪುಸ್ತಕದ ಹೆಸರೂ ಒಂದೇ ಅಲ್ಲ. ಟೋಕಿಯೊದಲ್ಲಿ ಅದು 'ಪ್ರೀತಿಯ ಪುಸ್ತಕ'. 73 ಬಂದ ಮಗುವನ್ನು ಟೋಕಿಯೊ ಪ್ರೀತಿಸುತ್ತದೆ. ಅಪ್ಪನಿಗೆ 70ರ ಗೆರೆಯ ಊರಿಗೆ ವರ್ಗವಾಯಿತೋ, ಕೌಂಟರಿನಲ್ಲಿರುವವರು ಸೊಂಟ ಬಗ್ಗಿಸಿ ನಮಸ್ಕರಿಸಿ, "ತಮ್ಮ ಮಗುವಿಗೆ ಏನೂ ತೊಂದರೆ ಇಲ್ಲ" ಅಂದಾರು. ದಿನನಿತ್ಯದ ಬದುಕು ಹೇಗಿದೆ ಅಂತಲೂ ವಿಚಾರಿಸುತ್ತಾರೆ ಅನ್ನಿ. ಆದರೂ ಮೊದಲು ಕಣ್ಣಿಗೆ ಬೀಳುವುದು ಆ ಅಂಕಿಯೇ ಅಲ್ವಾ?

ಆ ಅಂಕಿಯನ್ನು ಜಪಾನಿಗೆ ಒಗ್ಗಿಸಲು ಪಟ್ಟ ಪಾಡು ಸಣ್ಣದಲ್ಲ. ಮೂಲ ಪರೀಕ್ಷೆ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ಸಾಹೇಬರು ಪ್ಯಾರಿಸಿನ ಮಕ್ಕಳಿಗೆ ಹೊಲಿದದ್ದು. ಎರಡು ಮುಖದ ಚಿತ್ರ ತೋರಿಸಿ "ಯಾರು ಚೆಂದ?" ಅಂತ ಕೇಳುವುದೂ ಅದರಲ್ಲಿತ್ತು. (ನಮ್ಮಲ್ಲಿ ಅದಕ್ಕೆ ಹೆಣ್ಣು ನೋಡುವ ಶಾಸ್ತ್ರ ಅನ್ನುತ್ತಾರೆ.) ಫ್ರೆಂಚ್ ಚಿಲ್ಲರೆ ಎಣಿಸು ಅಂದರೆ ಒಸಾಕಾದ ಕೂಸು ಏನು ಮಾಡೀತು? 1908ರಲ್ಲಿ ಮನೋವೈದ್ಯ ಮಿಯಾಕೆ ಕೊಯಿಚಿ ಇದನ್ನು ಜಪಾನಿಗೆ ಪರಿಚಯಿಸಿದರು. ಆಮೇಲೆ ಸುಜುಕಿ-ಬಿನೆ ಬಂತು. ಕಾರಲ್ಲ, ಪರೀಕ್ಷೆಯೇ. 1947ರಲ್ಲಿ ತನಾಕಾ ಕನ್‌ಇಚಿಯವರ ತನಾಕಾ-ಬಿನೆ ಬಂತು, 2003ಕ್ಕೆ ಅದರ ಐದನೇ ಅವತಾರ. ಇಷ್ಟೆಲ್ಲ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಮಾಡಿದ ಅಂಗಿ, ಊರು ದಾಟಿದರೆ ಮೈಗೆ ಹೊಂದುವುದಿಲ್ಲ!

ಕಡಲು ದಾಟಿದಾಗಲಂತೂ ಇನ್ನೂ ಮಜಾ. 1982ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಲಿನ್ ಜಪಾನಿಯರ ಸರಾಸರಿ ಐಕ್ಯೂ 111 ಅಂತ ಸಾರಿದರು. ಜಪಾನಿನ ಕಾರು, ಟೀವಿ ನೋಡಿ ಅಮೆರಿಕ ಹೊಟ್ಟೆಗೆ ಬೆಂಕಿ ಬಿದ್ದಂತೆ ಆಡುತ್ತಿದ್ದ ಕಾಲ ಅದು. ಕಾರಣ ಸಿಕ್ಕೇಬಿಟ್ಟಿತು. ಮರುವರ್ಷವೇ ಮನಶ್ಶಾಸ್ತ್ರಜ್ಞರಾದ ಅಮೆರಿಕದ ಹೆರಾಲ್ಡ್ ಸ್ಟೀವನ್‌ಸನ್ ಮತ್ತು ಜಪಾನಿನ ಅಜುಮಾ ಹಿರೋಶಿ ಲೆಕ್ಕದ ಹುಳುಕು ತೋರಿಸಿದರು: ಅಳೆದ ಜಪಾನಿ ಮಕ್ಕಳಲ್ಲಿ ಪೇಟೆಯವರು, ಅನುಕೂಲಸ್ಥರ ಮಕ್ಕಳು ಜಾಸ್ತಿ. ಮಲ್ಲೇಶ್ವರದ ಮಕ್ಕಳನ್ನು ಅಳೆದು ಇಡೀ ಕರ್ನಾಟಕದ ಎತ್ತರ ಹೇಳಿದ ಹಾಗೆ. ಸ್ಟೀವನ್‌ಸನ್ ಬಳಗ ಜಪಾನಿನ ಸೆಂಡೈ, ತೈವಾನಿನ ತೈಪೆ, ಅಮೆರಿಕದ ಮಿನಿಯಾಪೊಲಿಸ್ ಮೂರೂ ಕಡೆಗೆ ಮೊದಲಿಂದಲೇ ಒಟ್ಟಿಗೆ ಪ್ರಶ್ನೆ ಸಿದ್ಧಮಾಡಿ ನೋಡಿ, 1985ರಲ್ಲಿ ಫಲಿತಾಂಶ ಪ್ರಕಟಿಸಿತು. ಒಟ್ಟಾರೆ ಬುದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಚಪ್ಪೆ ಸುದ್ದಿ. ಊಟದ ಮನೆಯಲ್ಲಿ ಯಾರೂ ಇದನ್ನು ಚರ್ಚಿಸುವುದಿಲ್ಲ, 111 ಮಾತ್ರ ಇನ್ನೂ ಓಡಾಡಿಕೊಂಡಿದೆ.

ಸುಮ್ನೆ ಜಪಾನಿನವರನ್ನು ನೋಡಿ ನಗಬೇಡಿ. 1930ರ ದಶಕದಲ್ಲಿ ಧಾರವಾಡದ ವಿ.ವಿ. ಕಾಮತರು ಇದೇ ಬಿನೆಯನ್ನು ಕನ್ನಡ, ಮರಾಠಿಗೆ ಒಗ್ಗಿಸಿದರು. ಆ ಕಾಲಕ್ಕೆ ದೊಡ್ಡ ಕೆಲಸ. ಬಿನೆ-ಕಾಮತ್ ಪರೀಕ್ಷೆ ನಮ್ಮಲ್ಲಿ ಈಗಲೂ ನಡೆಯುತ್ತಿದೆ, ಅಳತೆಯನ್ನು ಹೊಸದು ಮಾಡಿ ದಶಕಗಳೇ ಕಳೆದಿವೆ. ಹಳೇ ಅಳತೆಯಲ್ಲಿ ಅಳೆದರೆ ಈಗಿನ ಮಕ್ಕಳ ಅಂಕ ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ. ಹಾಗಾಗಿ ನಮಗೆ ಮನೆ ಬದಲಿಸುವ ಲಾರಿ ಬಾಡಿಗೆಯೂ ಉಳಿಯಿತು.