ಟೋನಿ ಬೆನೆಟ್ ಕೆಲಸ ಬಿಟ್ಟದ್ದು ಯಾಕೆ? ಬೆಳಗಾವಿಯಿಂದ ಒಂದು ಭಿನ್ನಾಭಿಪ್ರಾಯ

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಹೊಸ ಋತುವಿನ ಮೊದಲ ಪಂದ್ಯಕ್ಕೆ ಮೂರು ವಾರವೂ ಉಳಿದಿಲ್ಲದ ಹೊತ್ತಿನಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟರು. ಅದೇ ವರ್ಷದ ಜೂನ್‌ನಲ್ಲಷ್ಟೇ ಅವರು 2030ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿದ್ದರು. ಬೆಳಗಾವಿಯ ಕಾಲೇಜು ಅಂಗಣಗಳಲ್ಲಿ ಆಡಿ ಬೆಳೆದ ನಮ್ಮಂಥ ಹಳೆಯ ಆಟಗಾರರ ನಡುವೆ ಈ ರಾಜೀನಾಮೆಯ ಮಾತು ಈಗಲೂ ಬರುತ್ತದೆ, ಮತ್ತು ಬಂದಾಗಲೆಲ್ಲ ಒಂದೇ ತೀರ್ಪು ಹೊರಬೀಳುತ್ತದೆ: ಹುಡುಗರ ಕೈಗೆ ರೊಕ್ಕ ಬಂತು, ಆಟ ಕೆಟ್ಟಿತು, ಒಳ್ಳೆಯ ಮನುಷ್ಯ ಬೇಸತ್ತು ಹೋದ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಬೆನೆಟ್ ಅವರಿಂದ ಕಿತ್ತುಹೋದದ್ದು ಕಲಿಸುವುದಕ್ಕೆ ಬೇಕಾದ ಕಾಲ. ಆ ಕಾಲ ಒಂದು ರೂಪಾಯಿಯೂ ಓಡಾಡದ ನಮ್ಮ ಊರಿನ ಕಾಲೇಜುಗಳಲ್ಲೂ ಕಿತ್ತುಹೋಗುತ್ತಿದೆ ಎಂಬುದು ನನ್ನ ವಾದ.

ಅಲ್ಲಿಯ ವ್ಯವಸ್ಥೆಯನ್ನು ಹತ್ತಿರದಿಂದ ಗಮನಿಸದವರಿಗಾಗಿ ಕೆಲವು ಸಂಗತಿಗಳನ್ನು ಹೇಳಬೇಕು. ನಮ್ಮ ಅಂತರಕಾಲೇಜು ಪಂದ್ಯಾವಳಿಯನ್ನು ಆಡುವವರು, ಅವರ ಗೆಳೆಯರು, ದೈಹಿಕ ಶಿಕ್ಷಣ ನಿರ್ದೇಶಕರು ಇಷ್ಟೇ ಜನ ನೋಡಿ ಮುಗಿಸುತ್ತೇವೆ. ವರ್ಜೀನಿಯಾದ ತವರು ಅಂಗಣದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಆಸನಗಳಿವೆ. ಮಾರ್ಚ್‌ನಲ್ಲಿ ಹತ್ತಾರು ತಂಡಗಳು ಆಡುವ ರಾಷ್ಟ್ರೀಯ ಟೂರ್ನಿಯ ಪ್ರಸಾರ ಹಕ್ಕುಗಳಿಂದಲೇ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಗೆ ಆದಾಯದ ಬಹುಪಾಲು ಬರುತ್ತದೆ. ಬೆನೆಟ್ ಅವರಂಥ ಕೋಚ್‌ಗಳ ವಾರ್ಷಿಕ ಸಂಬಳ ದಶಲಕ್ಷ ಡಾಲರ್‌ಗಳ ಲೆಕ್ಕದ್ದು. ಆಡುವ ಹುಡುಗರಿಗೆ ಮಾತ್ರ ಬಹುಕಾಲ ಸಿಕ್ಕದ್ದು ವಿದ್ಯಾರ್ಥಿವೇತನ, ಅಂದರೆ ಶುಲ್ಕ, ವಸತಿ, ಊಟ, ಪುಸ್ತಕ ಮತ್ತು ಒಂದಿಷ್ಟು ಕೈಖರ್ಚು. ಅವರ ಸಂಖ್ಯೆಯಿದ್ದ ಅಂಗಿ ಅಂಗಡಿಯಲ್ಲಿ ಮಾರಾಟವಾದರೆ ಅದರಲ್ಲಿ ಅವರಿಗೆ ಪಾಲಿರಲಿಲ್ಲ. ಯಾರಾದರೂ ಜಾಹೀರಾತಿಗೆ ಕರೆದರೆ ಹೋಗುವಂತಿರಲಿಲ್ಲ.

ಇದು ಬದಲಾದದ್ದು ಎರಡು ಬೇರೆ ಬೇರೆ ದಾರಿಗಳಲ್ಲಿ, ಮತ್ತು ನಮ್ಮವರ ಚರ್ಚೆಯಲ್ಲಿ ಈ ಎರಡೂ ಕಲಸಿಹೋಗುತ್ತವೆ. ಒಂದು, ಹಣದ ದಾರಿ. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ ಎಂದರು. ಮರುತಿಂಗಳೇ ಆಟಗಾರರು ತಮ್ಮ ಹೆಸರು ಮತ್ತು ಭಾವಚಿತ್ರಗಳಿಂದ ಸಂಪಾದಿಸಲು ಸಂಸ್ಥೆ ಒಪ್ಪಿಕೊಂಡಿತು. ಇನ್ನೊಂದು, ವರ್ಗಾವಣೆಯ ದಾರಿ. 2018ರಲ್ಲಿ ಶುರುವಾದ ‘ಟ್ರಾನ್ಸ್‌ಫರ್ ಪೋರ್ಟಲ್’ನಲ್ಲಿ ಹೆಸರು ಹಾಕಿದ ಹುಡುಗನನ್ನು ಬೇರೆ ಕಾಲೇಜುಗಳು ಸಂಪರ್ಕಿಸಬಹುದಾಯಿತು. ಮೊದಲು ಕಾಲೇಜು ಬದಲಿಸಿದವನು ಒಂದು ವರ್ಷ ಪಂದ್ಯ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ನಿರ್ಬಂಧ ಹೋಯಿತು, 2024ರಲ್ಲಿ ಎಷ್ಟು ಸಲ ಬದಲಿಸಿದರೂ ಓದಿನ ಅರ್ಹತೆ ಇದ್ದರೆ ಸಾಕು ಎಂದಾಯಿತು. ಹೀಗಾಗಿ ಪ್ರತಿ ವಸಂತದಲ್ಲೂ ಕೋಚ್ ತನ್ನದೇ ತಂಡದ ಹುಡುಗರನ್ನು ಮತ್ತೊಮ್ಮೆ ಒಲಿಸಿಕೊಳ್ಳಬೇಕಾಯಿತು, ಹೋದವರ ಜಾಗಕ್ಕೆ ಏಜೆಂಟರ ಜೊತೆ ಮಾತಾಡಬೇಕಾಯಿತು.

ಬೆನೆಟ್ ಎಂಥ ಕೋಚ್ ಎಂದು ನೋಡಿದರೆ ಈ ಎರಡನೆಯ ಬದಲಾವಣೆ ಅವರಿಗೆ ಎಲ್ಲಿ ಪೆಟ್ಟು ಕೊಟ್ಟಿತೆಂದು ತಿಳಿಯುತ್ತದೆ. 2009ರಲ್ಲಿ ವರ್ಜೀನಿಯಾಕ್ಕೆ ಬಂದ ಅವರು ತಮ್ಮ ತಂದೆ ಡಿಕ್ ಬೆನೆಟ್ ರೂಪಿಸಿದ್ದ ‘ಪ್ಯಾಕ್ ಲೈನ್’ ಡಿಫೆನ್ಸನ್ನೇ ನೆಚ್ಚಿಕೊಂಡವರು. ಬುಟ್ಟಿಯಿಂದ ಸುಮಾರು ಹದಿನಾರು ಅಡಿ ದೂರದಲ್ಲಿ ಕಾಣದ ಗೆರೆಯೊಂದಿದೆ ಎಂದು ಭಾವಿಸಿಕೊಂಡು, ಚೆಂಡಿದ್ದವನ ಮೇಲೆ ಒತ್ತಡ ಹಾಕುವ ಒಬ್ಬನನ್ನು ಬಿಟ್ಟು ಉಳಿದ ನಾಲ್ವರೂ ಆ ಗೆರೆಯ ಒಳಗೇ ಇರಬೇಕು. ಚೆಂಡು ಕೈಯಿಂದ ಕೈಗೆ ಹೋದಾಗಲೆಲ್ಲ ಐವರೂ ಒಟ್ಟಿಗೆ ಜಾಗ ಬದಲಿಸಬೇಕು. ಬರೆದು ತೋರಿಸುವುದಕ್ಕೆ ಇದು ಐದು ನಿಮಿಷದ ಪಾಠ. ಆದರೆ ನಮ್ಮಲ್ಲಿ ಯಾವ ಹುಡುಗನಿಗಾದರೂ ಡಿಫೆನ್ಸ್ ಕಲಿಸಿ ನೋಡಿದವರಿಗೆ ಗೊತ್ತು, ಹದಿನೆಂಟರ ವಯಸ್ಸಿನವನಿಗೆ ಚೆಂಡಿನ ಮೇಲಿನ ಕಣ್ಣು ತೆಗೆಸಿ ತನ್ನ ಜೊತೆಗಾರನ ಹಿಂದಿನ ಖಾಲಿ ಜಾಗ ಕಾಣಿಸುವುದಕ್ಕೆ ಎರಡು ವರ್ಷ ಬೇಕಾಗುತ್ತದೆ. ಬೆನೆಟ್ ಆ ಎರಡು ವರ್ಷ ಕೊಡುತ್ತಿದ್ದರು. ವರ್ಜೀನಿಯಾದ ಆಟ ದೇಶದಲ್ಲೇ ಅತಿ ನಿಧಾನದ್ದು ಎಂದು ಗೇಲಿ ಮಾಡುವವರು ಬಹಳ ಜನರಿದ್ದರು. ನೋಡುವುದಕ್ಕೆ ಬೇಸರವೆಂಬುದರಲ್ಲಿ ಸ್ವಲ್ಪ ನಿಜವೂ ಇತ್ತೆಂದು ನಾನೂ ಒಪ್ಪುತ್ತೇನೆ.

ಡಿ'ಆಂಡ್ರೆ ಹಂಟರ್ ಅವರ ಉದಾಹರಣೆಯೊಂದೇ ಸಾಕು. 2016ರಲ್ಲಿ ಸೇರಿದ ಆ ಹುಡುಗನನ್ನು ಬೆನೆಟ್ ಮೊದಲ ವರ್ಷ ಒಂದು ಪಂದ್ಯವನ್ನೂ ಆಡಿಸದೆ ಬರೀ ಅಭ್ಯಾಸದಲ್ಲಿ ಇಟ್ಟರು. ಎರಡನೆಯ ವರ್ಷ ಬೆಂಚಿನಿಂದ ಎದ್ದು ಬರುವ ಆರನೆಯವನಾಗಿ ಆಡಿದ ಹಂಟರ್, ರಾಷ್ಟ್ರೀಯ ಟೂರ್ನಿಗೆ ಮುಂಚೆ ಮಣಿಕಟ್ಟು ಮುರಿದುಕೊಂಡರು. ಆ ಸಲ, 2018ರಲ್ಲಿ, ಮೊದಲ ಶ್ರೇಯಾಂಕದ ವರ್ಜೀನಿಯಾ ಹದಿನಾರನೆಯ ಶ್ರೇಯಾಂಕದ ಮೇರಿಲ್ಯಾಂಡ್ ಬಾಲ್ಟಿಮೋರ್ ಕೌಂಟಿ ತಂಡದ ಎದುರು 54–74ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಮೊದಲ ಶ್ರೇಯಾಂಕದ ತಂಡ ಹದಿನಾರನೆಯದಕ್ಕೆ ಸೋತದ್ದು ಅದೇ ಮೊದಲು. ದೇಶವೆಲ್ಲ ನಕ್ಕಿತು. ಅದೇ ತಂಡದ ಹಂಟರ್, ಕೈಲ್ ಗೈ, ಟೈ ಜೆರೋಮ್, ಮಮಾದಿ ಡಿಯಾಕಿಟೆ ಎಲ್ಲರೂ ಮರುವರ್ಷ ಅಲ್ಲೇ ಉಳಿದರು. ಸೆಮಿಫೈನಲ್‌ನಲ್ಲಿ ಪಂದ್ಯ ಮುಗಿಯಲು 0.6 ಸೆಕೆಂಡ್ ಇದ್ದಾಗ ಎರಡು ಅಂಕ ಹಿಂದಿದ್ದ ತಂಡಕ್ಕೆ ಕೈಲ್ ಗೈ ಮೂರೂ ಫ್ರೀ ಥ್ರೋ ಹಾಕಿ 63–62ರ ಗೆಲುವು ತಂದರು. 2019ರ ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಹೆಚ್ಚುವರಿ ಅವಧಿಗೆ ಹೋದ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ತಂಡವನ್ನು 85–77ರಿಂದ ಸೋಲಿಸಿದಾಗ 27 ಅಂಕ ಗಳಿಸಿದವರು ಹಂಟರ್. ಎರಡು ತಿಂಗಳ ನಂತರ, ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರು ನಾಲ್ಕನೆಯವರಾಗಿ ಆಯ್ಕೆಯಾದರು. ಇಂದಿನ ನಿಯಮಗಳಲ್ಲಿ, ಮೊದಲ ವರ್ಷ ಪಂದ್ಯವೇ ಆಡದ ಹುಡುಗ ಎರಡನೆಯ ವರ್ಷಕ್ಕೆ ಉಳಿದಿರುತ್ತಿದ್ದನೇ? ಆ ಅವಮಾನದ ಸೋಲಿನ ಮರುವಾರವೇ ಆ ನಾಲ್ವರಿಗೂ ಬೇರೆ ಕಡೆಗಳಿಂದ ಕರೆ ಬರುತ್ತಿರಲಿಲ್ಲವೇ? ಬಂದಿದ್ದರೆ ಅವರಲ್ಲಿ ಇಬ್ಬರಾದರೂ ಹೋಗಿರುತ್ತಿದ್ದರು ಎಂಬುದು ನನ್ನ ಎಣಿಕೆ.

ರೊಕ್ಕವೇ ಬೆನೆಟ್‌ರನ್ನು ಓಡಿಸಿತು ಎನ್ನುವವರು ಅವರ ಮಾತನ್ನು ಪೂರ್ತಿ ಕೇಳಿಲ್ಲ. ರಾಜೀನಾಮೆಯ ಪತ್ರಿಕಾಗೋಷ್ಠಿಯಲ್ಲಿ ಅವರು, ಆಟಗಾರರಿಗೆ ಆದಾಯದಲ್ಲಿ ಪಾಲು ಸಿಗುವುದು ಸರಿಯೇ ಎಂದು ಸ್ಪಷ್ಟವಾಗಿ ಹೇಳಿದರು. ಆದರೆ ಮಿತಿ ಮತ್ತು ನಿಯಂತ್ರಣಗಳಿಲ್ಲದ ಈಗಿನ ಸ್ಥಿತಿ ಆರೋಗ್ಯಕರವಲ್ಲ, ತಾವು ಹಳೆಯ ರೀತಿಯ ಕೆಲಸಕ್ಕೆ ತಕ್ಕವರು, ಈ ವಾತಾವರಣದಲ್ಲಿ ತಂಡ ನಡೆಸಲು ತಾವು ತಕ್ಕವರಾಗಿ ಉಳಿದಿಲ್ಲ ಎಂದರು. ಹಣದ ವಿಷಯದಲ್ಲಿ ಅವರ ನಡತೆಯೂ ಇದಕ್ಕೆ ಹೊಂದುತ್ತದೆ. 2019ರಲ್ಲಿ ಚಾಂಪಿಯನ್ ಆದ ಮೇಲೆ ವಿಶ್ವವಿದ್ಯಾಲಯ ಕೊಡಲು ಬಂದ ಸಂಬಳದ ಏರಿಕೆಯನ್ನು ಅವರು ಒಲ್ಲೆನೆಂದು, ಸಹಾಯಕ ಸಿಬ್ಬಂದಿಯ ಸಂಬಳ ಹೆಚ್ಚಿಸಲು ಹೇಳಿದರು. ಹೆಂಡತಿಯೊಂದಿಗೆ ಸೇರಿ, ಆಟಗಾರರ ಮುಂದಿನ ಉದ್ಯೋಗ ಜೀವನಕ್ಕೆ ನೆರವಾಗುವ ಕಾರ್ಯಕ್ರಮಕ್ಕೆ ತಮ್ಮ ಕೈಯಿಂದ ಐದು ಲಕ್ಷ ಡಾಲರ್ ಕೊಡುವುದಾಗಿ ಪ್ರಕಟಿಸಿದರು. ಇಂಥ ಮನುಷ್ಯ ಹುಡುಗರು ಗಳಿಸುವುದನ್ನು ನೋಡಿ ಹೊಟ್ಟೆ ಉರಿದುಕೊಂಡು ಎದ್ದುಹೋದರೆಂದು ನಾನು ನಂಬಲಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: 2019ರ ನಂತರ ಬೆನೆಟ್ ಅವರ ವರ್ಜೀನಿಯಾ ರಾಷ್ಟ್ರೀಯ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, 2024ರ ಮಾರ್ಚ್‌ನಲ್ಲಿ ಕೊಲೊರಾಡೊ ಸ್ಟೇಟ್ ಎದುರು ಆಡಿದ ಕೊನೆಯ ಪಂದ್ಯದಲ್ಲಿ ಗಳಿಸಿದ್ದು ಬರೀ 42 ಅಂಕ. ಹಾಗಾದರೆ ಸೋಲು ತಡೆಯಲಾರದೆ ಹೋದರೆನ್ನಬಹುದಲ್ಲ? ಅನ್ನಬಹುದು. ಆದರೆ ಆ ಸೋಲುಗಳೂ ಇದೇ ಕಾರಣದ ಕೂಸುಗಳೆಂದು ನನಗನ್ನಿಸುತ್ತದೆ: ಮೂರನೆಯ ವರ್ಷಕ್ಕೆ ಹಣ್ಣಾಗುವ ಆಟವನ್ನು ವರ್ಷಕ್ಕೊಮ್ಮೆ ಬದಲಾಗುವ ತಂಡದಿಂದ ಆಡಿಸಲು ಹೊರಟರೆ ಕೈಗೆ ಸಿಗುವುದು ಕಾಯಿಯೇ. ಮಯಾಮಿ ವಿಶ್ವವಿದ್ಯಾಲಯದ ಕೋಚ್ ಜಿಮ್ ಲಾರನಾಗಾ ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಋತುವಿನ ನಡುವೆಯೇ ಕೆಳಗಿಳಿದಾಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. 2023ರಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಹಂತ ಮುಟ್ಟಿದ ಅವರ ತಂಡದಿಂದಲೇ ಹಲವರು ಬೇರೆಡೆ ಅವಕಾಶ ಹುಡುಕಿಕೊಂಡು ಹೊರಟಿದ್ದರು.

ಈಗ ನಮ್ಮ ಊರಿಗೆ ಬರುತ್ತೇನೆ. ನಾವು ಆಡುವಾಗ ಬೆಳಗಾವಿಯ ಪದವಿ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಭಾಗದ ಪಂದ್ಯಾವಳಿ ಇಲ್ಲಿಯದೇ ಆಯಿತು, ಎಂಜಿನಿಯರಿಂಗ್ ಕಾಲೇಜುಗಳದ್ದು ಅದಕ್ಕೂ ಮುಂಚಿನಿಂದ ವಿಟಿಯು ಅಡಿಯಲ್ಲಿ ಬೇರೆಯೇ ನಡೆಯುತ್ತದೆ. ಇಲ್ಲಿ ಜಾಹೀರಾತೂ ಇಲ್ಲ, ಏಜೆಂಟರೂ ಇಲ್ಲ. ಆದರೂ ನನಗೆ ಬಹಳ ವರ್ಷಗಳಿಂದ ಪರಿಚಯವಿರುವ ಕೋಚ್ ಒಬ್ಬರು ಇಲ್ಲಿಯ ಒಂದು ಕಾಲೇಜಿನ ಕೆಲಸ ಬಿಟ್ಟಾಗ ಹೇಳಿದ ಕಾರಣ ಬೆನೆಟ್ ಹೇಳಿದ್ದಕ್ಕಿಂತ ದೂರದ್ದಲ್ಲ. ಅವರಿಗೆ ಸಿಗುತ್ತಿದ್ದದ್ದು ತಿಂಗಳ ಗೌರವಧನ, ಅದೂ ಪಂದ್ಯಾವಳಿಯ ಆಸುಪಾಸಿನ ತಿಂಗಳುಗಳಿಗೆ ಮಾತ್ರ. ಜೂನ್‌ನಿಂದ ಮಳೆ ಹಿಡಿದರೆ ನಮ್ಮ ಬಯಲು ಅಂಗಣದ ಸಿಮೆಂಟು ಪಾಚಿಗಟ್ಟುತ್ತದೆ. ಮಳೆ ಬಿಡುವು ಕೊಟ್ಟ ಮೇಲೆ ಸೆಮಿಸ್ಟರ್ ಪರೀಕ್ಷೆ ಎದುರಿಗಿರುತ್ತದೆ. ಇಷ್ಟರ ನಡುವೆ ಗೋಕಾಕ ಕಡೆಯ ಒಬ್ಬ ಎತ್ತರದ ಹುಡುಗನಿಗೆ ಅವರು ಒಂದೂವರೆ ವರ್ಷ, ಒಂದು ಕಾಲೂರಿ ತಿರುಗುವ ಪಿವೊಟ್ ಮತ್ತು ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವ ರಿಬೌಂಡ್ ಕಲಿಸಿ, ಇನ್ನೇನು ಅವನ ಸುತ್ತ ತಂಡ ಕಟ್ಟಬೇಕೆನ್ನುವಷ್ಟರಲ್ಲಿ, ಅವನು ಬಂದು, ‘ಸರ್, ಆ ಕಾಲೇಜಿನಾಗ ಹಾಸ್ಟೆಲ್ ಫೀ ಬಿಡ್ತೀವಿ ಅಂದಾರ್ರಿ, ಅಪ್ಪ ಹೋಗು ಅಂತಾನ್ರಿ’ ಎಂದು ನಿಂತ. ಕೋಚ್ ಅವನನ್ನು ತಡೆಯಲಿಲ್ಲ. ಕಬ್ಬಿನ ಬಿಲ್ಲು ಯಾವಾಗ ಬರುವುದೆಂದು ಕಾಯುವ ಮನೆಯ ಹುಡುಗನಿಗೆ ವರ್ಷದ ಹಾಸ್ಟೆಲ್ ಶುಲ್ಕ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ಅದರ ಮರುವರ್ಷ ಇನ್ನಿಬ್ಬರು ಹಾಗೆಯೇ ಹೋದರು. ಆ ವರ್ಷದ ಕೊನೆಗೆ ಆಡಳಿತ ಮಂಡಳಿಯವರು ಕರೆದು ಟ್ರೋಫಿ ಯಾಕೆ ಬರಲಿಲ್ಲವೆಂದು ಕೇಳಿದರು. ಬೇರೆ ಕಾಲೇಜಿನಿಂದ ನಾಲ್ವರು ರಾಜ್ಯಮಟ್ಟದ ಹುಡುಗರನ್ನು ತರಲು ಸಾಧ್ಯವೇ ಎಂದೂ ಕೇಳಿದರಂತೆ. ಆ ಎರಡನೆಯ ಪ್ರಶ್ನೆ ಕೇಳಿದ ವಾರವೇ ಅವರು ಕೆಲಸ ಬಿಟ್ಟರು.

ಈ ಹುಡುಗರ ಮೇಲೆ ತಪ್ಪು ಹೊರಿಸುವುದು ನನಗೆ ಸಾಧ್ಯವಿಲ್ಲ, ವರ್ಜೀನಿಯಾದ ಹುಡುಗರ ಮೇಲೂ ಅಷ್ಟೇ. ಕೋಚ್ ಹೆಚ್ಚಿನ ಸಂಬಳಕ್ಕೆ ಕಾಲೇಜು ಬದಲಿಸಿದರೆ ಅದನ್ನು ಬಡ್ತಿ ಎನ್ನುವ ನಾವು, ಆಟಗಾರ ಬದಲಿಸಿದರೆ ನಿಷ್ಠೆಯ ಪಾಠ ಹೇಳುತ್ತೇವೆ. ಬೆನೆಟ್ ಅವರೂ 2009ರಲ್ಲಿ ವಾಷಿಂಗ್ಟನ್ ಸ್ಟೇಟ್ ಬಿಟ್ಟೇ ವರ್ಜೀನಿಯಾಕ್ಕೆ ಬಂದವರು.

ನನಗೆ ಬೆನೆಟ್ ಅವರ ಮೇಲಿರುವ ಒಂದೇ ಅಸಮಾಧಾನ ಅವರು ಆರಿಸಿಕೊಂಡ ಹೊತ್ತಿನದು. ಅವರ ತಂದೆಯೂ 2000ದ ನವೆಂಬರ್‌ನಲ್ಲಿ, ವಿಸ್ಕಾನ್ಸಿನ್ ತಂಡ ಮೂರು ಪಂದ್ಯ ಆಡಿದ ಮೇಲೆ, ಥಟ್ಟನೆ ಬಿಟ್ಟಿದ್ದರು. ಮನೆತನದ ರೂಢಿಯೋ ಏನೋ. ಆದರೆ ಅಕ್ಟೋಬರ್‌ನಲ್ಲಿ ಬಿಟ್ಟುಹೋಗುವ ಕೋಚ್, ಅವರನ್ನು ನಂಬಿ ಬಂದ ಹುಡುಗರ ಒಂದು ವರ್ಷವನ್ನು ಕೈಯಲ್ಲಿ ಹಿಡಿದಿರುತ್ತಾರೆ. ಆ ವರ್ಷವೇ ಫ್ಲಾರಿಡಾ ಸ್ಟೇಟ್‌ನಿಂದ ಬಂದಿದ್ದ ಜೇಲನ್ ವಾರ್ಲಿ, ವರ್ಜೀನಿಯಾ ಪರ ಒಂದು ಪಂದ್ಯವನ್ನೂ ಆಡದೆ ಗೊಂಜಾಗಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಉಳಿದವರನ್ನು ಸಹಾಯಕ ಕೋಚ್ ರಾನ್ ಸ್ಯಾಂಚೆಜ್ ಹಂಗಾಮಿಯಾಗಿ ನಡೆಸಿದರು, ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. 2025ರ ಮಾರ್ಚ್‌ನಲ್ಲಿ ವರ್ಜೀನಿಯಾ ಕಾಯಂ ಕೋಚ್ ಆಗಿ ತಂದದ್ದು ರಾಯನ್ ಓಡಮ್ ಅವರನ್ನು. 2018ರಲ್ಲಿ ಅದನ್ನು ಇಪ್ಪತ್ತು ಅಂಕಗಳಿಂದ ಸೋಲಿಸಿದ್ದ ತಂಡದ ಕೋಚ್ ಅವರೇ. ಅವರು ತಂಡವನ್ನು ಬಹುಪಾಲು ಹೊಸಬರಿಂದಲೇ ಕಟ್ಟಿದರು.

ಅಮೆರಿಕದವರು ತಮ್ಮ ಗೊಂದಲಕ್ಕೆ ಕೋರ್ಟಿನ ಮೂಲಕ ದಾರಿ ಹುಡುಕುತ್ತಿದ್ದಾರೆ. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ರಾಜಿ ಒಪ್ಪಂದದಂತೆ ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಅದಕ್ಕೊಂದು ವಾರ್ಷಿಕ ಮಿತಿಯೂ ಇದೆ. ಬೆಳಗಾವಿಯಲ್ಲಿ ಬೇಕಾದದ್ದು ಅಷ್ಟು ದೊಡ್ಡದಲ್ಲ. ಶುಲ್ಕ ವಿನಾಯಿತಿ ಕೊಡುವ ಕಾಲೇಜು ಅದನ್ನು ಪದವಿ ಮುಗಿಯುವವರೆಗೂ ಬರಹದಲ್ಲಿ ಕೊಡಲಿ, ಒಂದು ಪಂದ್ಯಾವಳಿಗೆ ಮಾತ್ರ ಅಲ್ಲ. ಕೋಚ್‌ಗೆ ಹನ್ನೆರಡು ತಿಂಗಳ ಸಂಬಳವೂ ಕನಿಷ್ಠ ಮೂರು ವರ್ಷದ ನೇಮಕವೂ ಸಿಗಲಿ. ಬೇರೆ ಕಾಲೇಜಿನ ಎರಡನೆಯ ವರ್ಷದ ಹುಡುಗನನ್ನು ಸೆಳೆಯುವ ಮುಂಚೆ ಆತನ ಕೋಚ್ ಜೊತೆ ಮಾತಾಡುವುದೆಂದು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ತಮ್ಮೊಳಗೇ ಒಪ್ಪಂದಕ್ಕೆ ಬರಲಿ. ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಹಳೆಯ ಆಟಗಾರರು ಕೆಲವರು ಇದನ್ನು ಓದುತ್ತಾರೆಂದು ನನಗೆ ಗೊತ್ತಿದೆ; ಮುಂದಿನ ಪ್ರವೇಶಾತಿಗೆ ಮುಂಚಿನ ಸಭೆಯಲ್ಲಿ ಈ ಮೂರನ್ನೂ ಚರ್ಚೆಗೆ ಇಡಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.