ರೂಲ್ಸ್ ಬದಲಾಗಿದ್ದು ಕೌಂಟರಿನ ಹುಡುಗಿಗೆ ಗೊತ್ತಿರಬೇಕು ತಾನೇ?

ಹೋದ ವಾರ ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪನ ಆಪರೇಷನ್ ಸರ್ಕಾರಿ ಆರೋಗ್ಯ ಸ್ಕೀಮಿನಲ್ಲಿ ಮಾಡಿಸೋಣ ಅಂತ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದರಂತೆ. ಬಿಪಿಎಲ್ ಕಾರ್ಡು, ಆಧಾರ್, ಹಳೆ ರಿಪೋರ್ಟು ಎಲ್ಲ ಕವರಿನಲ್ಲಿ ಜೋಡಿಸಿಕೊಂಡೇ ಹೋಗಿದ್ದಾರೆ. ಕೌಂಟರಿನ ಹುಡುಗಿ ಮೊದಲು ಆಗುತ್ತೆ ಅಂದಳು. ಒಳಗೆ ಹೋಗಿ ಬಂದು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತನ್ನಿ ಅಂದಳು. ಇನ್ನೊಬ್ಬ ಬಂದು, ಚೀಟಿ ತಂದರೂ ಈ ಆಪರೇಷನ್ ನಮ್ಮಲ್ಲಿ ಆ ಸ್ಕೀಮಿನಲ್ಲಿ ಈಗ ಇಲ್ಲ, ರೂಲ್ಸ್ ಚೇಂಜ್ ಆಗಿದೆ ಅಂದ. "ಯಾವಾಗಿಂದಪ್ಪಾ?" ಅಂತ ಚಿಕ್ಕಮ್ಮ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ನಾನೂ ಅದೇ ಕುರ್ಚಿಯಲ್ಲಿ ಕೂರುವವಳು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಊರಿನ ಒಂದು ಸಣ್ಣ ಮಕ್ಕಳ ಕ್ಲಿನಿಕ್‌ನಲ್ಲಿ ಫ್ರಂಟ್ ಡೆಸ್ಕ್ ಮತ್ತು ಬಿಲ್ಲಿಂಗ್ ಎರಡೂ ನನ್ನದೇ. ಆ ಹುಡುಗಿಗೆ ಯಾರೂ ಏನೂ ಹೇಳಿರಲಿಲ್ಲ. ನನಗೆ ಹೇಳಿದ್ದರು. ವ್ಯತ್ಯಾಸ ಇರುವುದು ಅಷ್ಟೇ, ಆದರೆ ಅದೇನು ಸಣ್ಣದಲ್ಲ.

ಇಲ್ಲಿ ಬಡವರಿಗೆ ಮೆಡಿಕೇಡ್ ಅಂತ ಸರ್ಕಾರಿ ವಿಮೆ ಇದೆ. ನಮ್ಮ ರಾಜ್ಯದಲ್ಲಿ 2021ರವರೆಗೆ ಬಹುಪಾಲು ಸರ್ಕಾರವೇ ನೇರವಾಗಿ ಡಾಕ್ಟರಿಗೆ ದುಡ್ಡು ಕೊಡುತ್ತಿತ್ತು. ಆಮೇಲೆ ಆ ಕೆಲಸವನ್ನು ವಿಮಾ ಕಂಪನಿಗಳಿಗೆ ವಹಿಸಿದರು. ತಲೆಗೆ ತಿಂಗಳಿಗಿಷ್ಟು ಅಂತ ಸರ್ಕಾರ ಕಂಪನಿಗೆ ಕೊಡುತ್ತದೆ, ಕಂಪನಿ ಡಾಕ್ಟರಿಗೆ ಕೊಡುತ್ತದೆ. 2021ರ ಜುಲೈ 1ಕ್ಕೆ ಸುಮಾರು 16 ಲಕ್ಷ ಜನ ಒಂದೇ ಏಟಿಗೆ ಐದು ಕಂಪನಿಗಳ ಕೈಗೆ ಹೋದರು. ನಮ್ಮ ವೇಕ್ ಕೌಂಟಿಗೆ ಐದೂ ಬಂದವು. ಒಂದು ಕಾರ್ಡ್ ನೋಡಿ ಅಭ್ಯಾಸ ಇದ್ದವಳಿಗೆ ಐದು ಥರದ ಕಾರ್ಡು, ಐದು ಪೋರ್ಟಲ್ಲು, ಐದು ಪಾಸ್‌ವರ್ಡು.

ಆದರೆ ಆ ದಿನ ಬರುವ ಮುಂಚೆ ನಡೆದದ್ದನ್ನು ಹೇಳಬೇಕು. ರಾಜ್ಯದ ಆರೋಗ್ಯ ಇಲಾಖೆಯವರು 'ಬ್ಯಾಕ್ ಪೋರ್ಚ್ ಚಾಟ್' ಅಂತ ಆನ್‌ಲೈನ್ ಸಭೆ ಇಡುತ್ತಿದ್ದರು. ಇಡುತ್ತಿದ್ದುದು ಗುರುವಾರ ಸಂಜೆ, ಕ್ಲಿನಿಕ್ ಬಾಗಿಲು ಹಾಕುವ ಹೊತ್ತಿಗೆ. ಅದಕ್ಕೆ ಡಾಕ್ಟರುಗಳಷ್ಟೇ ಅಲ್ಲ, ನನ್ನಂಥವರೂ ಕೂರಬಹುದಿತ್ತು. ಆಗ ಮೆಡಿಕೇಡ್‌ನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಶಾನನ್ ಡೌಲರ್ ಅವರೇ ಬಂದು ಕೂತು ಜಗಲಿ ಮೇಲೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. "ಮಗುವಿನ ಹತ್ತಿರ ಹಳೆ ಕಾರ್ಡೇ ಇದೆ, ಹೊಸದು ಪೋಸ್ಟಲ್ಲಿ ಬಂದಿಲ್ಲ, ವಾಪಸ್ ಕಳಿಸಬೇಕಾ?" ಅಂತ ನಾನು ಟೈಪ್ ಮಾಡಿ ಕೇಳಿದ್ದೆ. ಕಳಿಸಬೇಡಿ, ಕಂಪ್ಯೂಟರಿನಲ್ಲಿ ಚೆಕ್ ಮಾಡಿ ನೋಡಿ ಅಂತ ಉತ್ತರ ಬಂತು. ಇಲಾಖೆಯ ಕಡೆಯವರು ಫ್ರಂಟ್ ಡೆಸ್ಕಿನವಳೊಬ್ಬಳ ಪ್ರಶ್ನೆಯನ್ನು ಓದಿ ಉತ್ತರ ಹೇಳಿದರು ಅಂದರೆ, ಊರಲ್ಲಿ ಬ್ಯಾಂಕ್ ಮ್ಯಾನೇಜರ್ ಹತ್ತಿರ ಮಾತಾಡುವುದಕ್ಕೂ ಪರಿಚಯದವರನ್ನು ಹುಡುಕಿ ಬೆಳೆದ ನನಗೆ ಅದು ಅರಗಿಸಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು.

ಇನ್ನೂ ಒಂದು. ಹಳೆ ವ್ಯವಸ್ಥೆಯಲ್ಲಿ ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಸಿಕ್ಕಿದ್ದರೆ ಮೊದಲ 90 ದಿನ ಹೊಸ ಕಂಪನಿ ಅದನ್ನು ಒಪ್ಪಲೇಬೇಕಿತ್ತು. ಕಂಪನಿ ಹಿಡಿಸದಿದ್ದರೆ ಜನ ಸೆಪ್ಟೆಂಬರ್ ಕೊನೆಯವರೆಗೆ ಬೇರೆಯದಕ್ಕೆ ಹೋಗಬಹುದಿತ್ತು. ಅರ್ಧ ಚಿಕಿತ್ಸೆಯಲ್ಲಿದ್ದ ಮಗು ನಡುನೀರಿನಲ್ಲಿ ಬೀಳಬಾರದು ಅಂತ ಯಾರೋ ಕೂತು ಯೋಚಿಸಿದ್ದರು.

ಇದಕ್ಕಿಂತ ನನಗೆ ಇಷ್ಟವಾದದ್ದು ಮುಂದೆ ಹಾಕಿದ್ದು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗೆ ಬೇರೆಯದೇ ಪ್ಲಾನ್ ಬರಬೇಕಿತ್ತು. 2022ರ ಡಿಸೆಂಬರ್ ಅಂದರು. ಆಮೇಲೆ 2023ರ ಏಪ್ರಿಲ್ ಅಂದರು, ಅಕ್ಟೋಬರ್ ಅಂದರು. ಕೊನೆಗೆ ಶುರುವಾಗಿದ್ದು 2024ರ ಜುಲೈ 1ಕ್ಕೆ. ಡಿಸೆಂಬರಿನಿಂದ ಏಪ್ರಿಲ್‌ಗೆ ಹಾಕುವಾಗ ಕೊಟ್ಟ ಕಾರಣ ಏನು ಗೊತ್ತಾ? ಡಾಕ್ಟರುಗಳ ಜೊತೆ ಒಪ್ಪಂದ ಮಾಡಿಕೊಳ್ಳಲು, ಕಂಪ್ಯೂಟರ್ ಮಾಹಿತಿ ಸರಿಯಿದೆಯಾ ನೋಡಲು ಇನ್ನಷ್ಟು ಸಮಯ ಬೇಕು ಅಂತ. ನಮ್ಮ ಕರ್ನಾಟಕದಲ್ಲಿ ಯಾವ ಮಂತ್ರಿ ಹೀಗೆ ಹೇಳಿಯಾರು? ಉದ್ಘಾಟನೆಯ ದಿನ ಗೊತ್ತಾಯಿತು ಅಂದರೆ ಮುಗಿಯಿತು. ಶಾಮಿಯಾನ ಹಾಕುವವನಿಗೆ ಆಸ್ಪತ್ರೆಯವರಿಗಿಂತ ಮೊದಲು ವಿಷಯ ತಿಳಿದಿರುತ್ತದೆ.

2018 ನೆನಪು ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಅನ್ನುವ ರಾಜ್ಯದ ಚಿಕಿತ್ಸಾ ಯೋಜನೆ ಬಂತು. ಹಳೆ ಯೋಜನೆಗಳಾದ ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ ಎಲ್ಲ ಅದರೊಳಗೆ ಸೇರಿದವು. ಅಕ್ಟೋಬರ್ ಕೊನೆಗೆ ಅದನ್ನು ಕೇಂದ್ರದ ಆಯುಷ್ಮಾನ್ ಜೊತೆ ಸೇರಿಸಿದರು. ಒಂದೇ ವರ್ಷದಲ್ಲಿ ಎರಡು ಹೊಸ ಹೆಸರು. ಸಹಕಾರ ಸಂಘಕ್ಕೆ ವಂತಿಗೆ ಕಟ್ಟಿ, ಯಶಸ್ವಿನಿ ಕಾರ್ಡ್ ಹಿಡಿದು ನೇರವಾಗಿ ಆಸ್ಪತ್ರೆಗೆ ಹೋಗುತ್ತಿದ್ದ ರೈತರಿಗೆ, ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಬನ್ನಿ ಅನ್ನುವ ನಿಯಮ ಎದುರಾಯಿತು. ನಿಯಮ ತಪ್ಪು ಅಂತ ಅಲ್ಲ, ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸಕ್ಕೆ ಹೊರಗೆ ದುಡ್ಡು ಯಾಕೆ ಸುರಿಯಬೇಕು, ಸರಿಯೇ. ಆದರೆ ತುಮಕೂರಿನ ಕಡೆ ನರ್ಸಿಂಗ್ ಹೋಮ್ ನಡೆಸುವ ನನ್ನ ಕ್ಲಾಸ್‌ಮೇಟ್ ಹೇಳುತ್ತಾನೆ, "ನಮಗೆ ಪೇಪರಲ್ಲಿ ಬಂದ ಮೇಲೇ ಗೊತ್ತಾಗಿದ್ದು ಕಣೇ. ಪೇಷಂಟು ಪೇಪರ್ ಕಟಿಂಗ್ ಹಿಡ್ಕೊಂಡು ಬಂದು ನಂಗೇ ಹೇಳ್ಕೊಟ್ಟ." ಆಮೇಲೆ 2022ರಲ್ಲಿ ಯಶಸ್ವಿನಿಯನ್ನು ಮತ್ತೆ ತರುತ್ತೇವೆ ಅಂದರು, ತಂದರು. ಈಗ ಯಶಸ್ವಿನಿ, ಆಯುಷ್ಮಾನ್ ಎರಡೂ ಇವೆ. ಯಾವುದು ಯಾರಿಗೆ ಅಂತ ಕೌಂಟರಿನಲ್ಲಿ ಕೂತವರು ಹೇಗೆ ಹೇಳಬೇಕು ಹೇಳಿ.

ಸ್ಕೀಮಿನ ವಿಷಯದಲ್ಲಿ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಇದ್ದಾರಲ್ಲ ಅನ್ನಬಹುದು. ಇದ್ದಾರೆ, ಒಳ್ಳೆಯವರೂ ಇದ್ದಾರೆ. ಆದರೆ ರಾತ್ರಿ ಎಂಟು ಗಂಟೆಗೆ ಗಾಬರಿಯಲ್ಲಿ ಬಂದವರನ್ನು ಎದುರಿಸುವುದು ಆ ಕೌಂಟರಿನ ಹುಡುಗಿಯೇ ಅಲ್ವಾ.

ಇದನ್ನೆಲ್ಲ ನನ್ನ ಗಂಡನ ಹತ್ತಿರ ಹೇಳಿದರೆ ಅವನು ನಗುತ್ತಾನೆ. ಒಂದು ಇದ್ದದ್ದನ್ನು ಐದು ಮಾಡಿದ್ದೂ ಅವರೇ, ಆ ಐದನ್ನು ಅರ್ಥ ಮಾಡಿಸೋಕೆ ಕ್ಲಾಸ್ ತಗೊಂಡಿದ್ದೂ ಅವರೇ, ನೀನು ಯಾತಕ್ಕೆ ಚಪ್ಪಾಳೆ ಹೊಡೀತೀಯ ಅಂತ. ಒಪ್ಪಲು ಮನಸ್ಸಿಲ್ಲ, ಆದರೂ ಮಾತಿನಲ್ಲಿ ಹುರುಳಿದೆ. ಅಷ್ಟು ಗುರುವಾರ ಕೂತಮೇಲೂ ಜುಲೈ, ಆಗಸ್ಟ್‌ನಲ್ಲಿ ಕ್ಲೇಮ್‌ಗಳು, ಅಂದರೆ ನಾವು ಕಂಪನಿಗೆ ಕಳಿಸಿದ ಬಿಲ್ಲುಗಳು, ವಾಪಸ್ ಬಂದವು. ಕಂಪನಿಗೊಂದು ಕಾರಣ. ನಮ್ಮ ಡಾಕ್ಟರು ರಾತ್ರಿ ಕೂತು ಕಂಪನಿಗೆ ಫೋನ್ ಮಾಡಿ, ಆ ಕಡೆ ಯಾರಾದರೂ ಸಿಗುವವರೆಗೆ ಸಂಗೀತ ಕೇಳುತ್ತಿದ್ದರು. ಪಕ್ಕದೂರಿನ ಹಿರಿಯ ಡಾಕ್ಟರೊಬ್ಬರು ಐದು ಜನರ ಹತ್ತಿರ ಜಗಳ ಆಡುವ ವಯಸ್ಸು ನನ್ನದಲ್ಲ ಅಂತ ಎರಡೇ ಕಂಪನಿಗೆ ಸಹಿ ಹಾಕಿ ಸುಮ್ಮನಾದರು. ಉಳಿದ ಮಕ್ಕಳು ಬೇರೆ ಡಾಕ್ಟರನ್ನು ಹುಡುಕಬೇಕಾಯಿತು.

ಜಯದೇವದಲ್ಲಿ ಮೊದಲು ಚಿಕಿತ್ಸೆ, ಆಮೇಲೆ ದುಡ್ಡು ಅಂತ ನಡೆಸಿದರಲ್ಲ, ಅಂಥದ್ದನ್ನು ನಾನು ಇಲ್ಲಿ ಎಮರ್ಜೆನ್ಸಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ನಮ್ಮ ಕೌಂಟರಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಮಗುವಿಗೆ ಏನಾಗಿದೆ ಅಂತ ಅಲ್ಲ, ಯಾವ ಇನ್ಶೂರೆನ್ಸ್ ಅಂತ. ಅದನ್ನು ಊರಿಗೆ ತರುವುದು ಬೇಡವೇ ಬೇಡ.

ನಾನು ಕೇಳುತ್ತಿರುವುದು ಆ ಗುರುವಾರಗಳಂಥ ಒಂದು ಗಂಟೆ ಹೊತ್ತು. ಆರೋಗ್ಯ ಕರ್ನಾಟಕವನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನವರು ತಿಂಗಳಿಗೊಮ್ಮೆ, ಕನ್ನಡದಲ್ಲಿ, ಆಸ್ಪತ್ರೆ ಕೌಂಟರಿನವರಿಗಾಗಿ ಒಂದು ಜೂಮ್ ಸಭೆ ಇಡಲಿ. ಮುಂದಿನ ತಿಂಗಳು ಏನು ಬದಲಾಗುತ್ತದೆ ಅಂತ ಹೇಳಲಿ, ಕೇಳಿದ್ದಕ್ಕೆ ಉತ್ತರ ಕೊಡಲಿ. ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ. ಆಗಲ್ಲ ಅನ್ನುವುದಾದರೆ ಯಾಕಾಗಲ್ಲ ಅಂತಲಾದರೂ ಯಾರಾದರೂ ಹೇಳಲಿ.